ರಸೀದಿ ಸಿಗದ ವೋಟು

1868ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಅದು ಮುಗಿದ ಮೇಲೆ ವೇಲ್ಸ್‌ನ ಕಾರ್ಡಿಗನ್‌ಶೈರ್ ಮತ್ತು ಕಾರ್ಮಾರ್ಥನ್‌ಶೈರ್ ಕೌಂಟಿಗಳಲ್ಲಿ ಹಲವು ಗೇಣಿ ರೈತರ ಮನೆಗೆ ಜಮೀನ್ದಾರರ ನೋಟಿಸು ಬಂತು. ಜಮೀನು ಖಾಲಿ ಮಾಡಿ ಹೊರಡಿ ಅಂತ. ಗೇಣಿ ಬಾಕಿ ಉಳಿದಿತ್ತು ಅಂತಲ್ಲ, ಬೇಸಾಯ ಸರಿ ಮಾಡಲಿಲ್ಲ ಅಂತಲೂ ಅಲ್ಲ. ಜಮೀನ್ದಾರರು ಕನ್ಸರ್ವೇಟಿವ್ ಪಕ್ಷದವರು, ಇವರು ವೋಟು ಹಾಕಿದ್ದು ಲಿಬರಲ್ ಅಭ್ಯರ್ಥಿಗೆ. ಅಷ್ಟೇ ತಪ್ಪು.

ಯಾರು ಯಾರಿಗೆ ವೋಟು ಹಾಕಿದರು ಅಂತ ಜಮೀನ್ದಾರರಿಗೆ ಗೊತ್ತಾಗಿದ್ದು ಹೇಗೆ? ಯಾರೂ ಚಾಡಿ ಹೇಳಬೇಕಾಗಿರಲಿಲ್ಲ. ಆಗ ಬ್ರಿಟನ್ನಿನಲ್ಲಿ ವೋಟು ಹಾಕೋದು ಅಂದ್ರೆ ಎಲ್ಲರೆದುರು ನಿಂತು, ತನ್ನ ಹೆಸರು ಹೇಳಿ, ಯಾರಿಗೆ ವೋಟು ಅಂತ ಬಾಯಿಬಿಟ್ಟು ಹೇಳೋದು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕೇಳಿದವರಿಗೆ ಆ ದಾಖಲೆಯ ಪ್ರತಿ ಕೊಡಬೇಕು ಅಂತ ಹದಿನೇಳನೇ ಶತಮಾನದ ಕೊನೆಯಲ್ಲೇ ಕಾನೂನು ಬಂದಿತ್ತು. ಊರಿನ ಮುದ್ರಕರು ಅದನ್ನೇ ಅಚ್ಚು ಹಾಕಿ ಮಾರುತ್ತಿದ್ದರು. ಅದಕ್ಕೆ ಪೋಲ್ ಬುಕ್ ಅಂತ ಹೆಸರು. ದುಡ್ಡು ಕೊಟ್ಟು ಒಂದು ಪ್ರತಿ ತಂದರೆ ಸಾಕು, ನಿಮ್ಮ ದರ್ಜಿ, ನಿಮ್ಮ ಬಾಡಿಗೆದಾರ, ನಿಮ್ಮ ಸಾಲಗಾರ ಯಾರ ಕಡೆ ಅಂತ ಅಕ್ಷರಮಾಲೆಯ ಕ್ರಮದಲ್ಲಿ ಸಿಗುತ್ತಿತ್ತು.

ಇತಿಹಾಸದ ವಿದ್ಯಾರ್ಥಿಗಳಿಗೆ ಪೋಲ್ ಬುಕ್‌ಗಳು ಚಿನ್ನದ ಗಣಿ. ನನಗೂ ಅವು ಇಷ್ಟ. ಆದರೆ ಇತ್ತೀಚೆಗೆ ಅವುಗಳ ಬಗ್ಗೆ ಓದುವಾಗಲೆಲ್ಲ ನನಗೆ ನೆನಪಾಗುವುದು ಹತ್ತೊಂಬತ್ತನೇ ಶತಮಾನವಲ್ಲ, ಬ್ಲಾಕ್‌ಚೈನ್. ಎಲ್ಲರೂ ನೋಡಬಹುದಾದ, ಯಾರೂ ತಿದ್ದಲಾಗದ, ಯಾರು ಯಾವುದಕ್ಕೆ ವೋಟು ಹಾಕಿದರು ಅಂತ ಎಂದೆಂದಿಗೂ ಉಳಿಯುವ ದಾಖಲೆ. ನಮ್ಮ ಕಾಲದ ಅತ್ಯಂತ ಹೊಸ ಸಂಘಟನೆಗಳು ಅನ್ನಿಸಿಕೊಂಡಿರುವ ಡಾವೋಗಳು, ಅಂದರೆ ಆನ್‌ಲೈನಿನಲ್ಲೇ ಹುಟ್ಟಿ ಆನ್‌ಲೈನಿನಲ್ಲೇ ವೋಟು ಹಾಕಿ ನಡೆಯುವ ವಿಕೇಂದ್ರೀಕೃತ ಸಂಸ್ಥೆಗಳು, ಗೊತ್ತಿದ್ದೋ ಗೊತ್ತಿಲ್ಲದೆಯೋ 1868ರ ಪೋಲ್ ಬುಕ್ಕನ್ನೇ ಮತ್ತೆ ಬರೆಯುತ್ತಿವೆ. ಆ ಪುಸ್ತಕವನ್ನು ಮುಚ್ಚಿದ್ದು ಹೇಗೆ, ಯಾಕೆ ಅನ್ನೋದನ್ನ ಒಮ್ಮೆ ನೋಡಿದರೆ ಈಗಿನ ಗೊಂದಲವೂ ಸ್ವಲ್ಪ ತಿಳಿಯಾಗುತ್ತೆ.

ಗುಟ್ಟಾಗಿ ವೋಟು ಹಾಕುವ ಯೋಚನೆ ಹಳೆಯದೇ. ಪ್ರಾಚೀನ ಅಥೆನ್ಸ್‌ನ ನ್ಯಾಯಾಲಯಗಳಲ್ಲಿ, ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಹೊತ್ತಿಗೆ, ತೀರ್ಪುಗಾರರ ಕೈಗೆ ಎರಡು ಪುಟ್ಟ ಕಂಚಿನ ಬಿಲ್ಲೆ ಕೊಡುತ್ತಿದ್ದರು. ಎರಡಕ್ಕೂ ನಡುವೆ ಒಂದು ಕಡ್ಡಿ. ಒಂದರ ಕಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಕಡ್ಡಿಯ ಎರಡು ತುದಿಯನ್ನು ಬೆರಳುಗಳಿಂದ ಮುಚ್ಚಿ ಹಿಡಿದರೆ ಯಾವುದನ್ನು ಪೆಟ್ಟಿಗೆಗೆ ಹಾಕುತ್ತಿದ್ದೀರಿ ಅಂತ ಪಕ್ಕದವನಿಗೂ ತಿಳಿಯದು. ರೋಮ್‌ನಲ್ಲಿ ಕ್ರಿಸ್ತಪೂರ್ವ 139ರಲ್ಲಿ ಚುನಾವಣೆಗೆ ಬರಹದ ಮತ ಬಂತು. ಅಲ್ಲಿ ಮತದಾರರು ಒಂದು ಕಿರುಸೇತುವೆಯ ಮೇಲೆ ನಡೆದುಹೋಗಿ ಫಲಕವನ್ನು ಬುಟ್ಟಿಗೆ ಹಾಕಬೇಕಿತ್ತು. ದೊಡ್ಡವರ ಕಡೆಯವರು ಅದೇ ಸೇತುವೆ ಮೇಲೆ ನಿಂತು ಇಣುಕಿ ನೋಡುತ್ತಿದ್ದರು. ಕ್ರಿಸ್ತಪೂರ್ವ 119ರಲ್ಲಿ ಮಾರಿಯಸ್ ಒಂದು ಕಾನೂನು ತಂದ. ಕಾನೂನು ಏನು ಗೊತ್ತಾ? ಸೇತುವೆಯನ್ನು ಕಿರಿದು ಮಾಡುವುದು. ಇಣುಕೋಕೆ ಜಾಗವೇ ಇರಬಾರದು!

ಇದರಿಂದ ಸಿಸೆರೋಗೆ ಬೇಜಾರು. ಕಾನೂನುಗಳ ಬಗ್ಗೆ ತಾನು ಬರೆದ ಗ್ರಂಥದಲ್ಲಿ ಆತ ಸೂಚಿಸಿದ ರಾಜಿ ಸೂತ್ರ ಹೀಗಿದೆ: ಜನಸಾಮಾನ್ಯರು ಫಲಕವನ್ನು ಇಟ್ಟುಕೊಳ್ಳಲಿ, ಆದರೆ ಅದನ್ನು ಗಣ್ಯರಿಗೆ ತೋರಿಸಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮತದಾರನಿಗೆ ಸ್ವಾತಂತ್ರ್ಯ ಕೊಟ್ಟ ಹಾಗೂ ಆಗಬೇಕು, ದೊಡ್ಡವರ ಕಣ್ಣು ತಪ್ಪಿದ ಹಾಗೂ ಆಗಬಾರದು. ಎರಡು ಸಾವಿರ ವರ್ಷ ಕಳೆದರೂ ಈ ಸೂತ್ರಕ್ಕೆ ಗಿರಾಕಿಗಳು ಕಡಿಮೆಯಾಗಿಲ್ಲ.

ಮತ್ತೆ ಬ್ರಿಟನ್ನಿಗೆ ಬರೋಣ. 1830ರ ದಶಕದಲ್ಲಿ ಗ್ರೀಸ್‌ನ ಇತಿಹಾಸ ಬರೆದ ಜಾರ್ಜ್ ಗ್ರೋಟ್ ಸಂಸತ್ತಿನಲ್ಲಿ ಗುಪ್ತ ಮತದಾನದ ಪ್ರಸ್ತಾಪವನ್ನು ಮತ್ತೆ ಮತ್ತೆ ಮಂಡಿಸಿ ಮತ್ತೆ ಮತ್ತೆ ಸೋತ. 1838ರಲ್ಲಿ ಕಾರ್ಮಿಕರ ಚಾರ್ಟಿಸ್ಟ್ ಚಳವಳಿ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಇದೂ ಒಂದು. ವಿರೋಧಿಸಿದವರೆಲ್ಲ ಜಮೀನ್ದಾರರೇ ಅಂದುಕೊಳ್ಳಬೇಡಿ. ಜಾನ್ ಸ್ಟುವರ್ಟ್ ಮಿಲ್ ಥರದ ಉದಾರವಾದಿಯೂ ವಿರೋಧಿಸಿದ. ಅವನ ಅಪ್ಪ ಜೇಮ್ಸ್ ಮಿಲ್ ಗುಪ್ತ ಮತದಾನದ ಪರ, ಮಗ ವಿರುದ್ಧ. ಮಗನ ವಾದ ಏನಂದ್ರೆ, ವೋಟು ನಿನ್ನ ಸ್ವಂತ ಆಸ್ತಿಯಲ್ಲ, ಅದು ಸಮಾಜ ನಿನಗೆ ಒಪ್ಪಿಸಿದ ಜವಾಬ್ದಾರಿ. ಬೇರೆಯವರ ಬದುಕಿನ ಮೇಲೆ ಪರಿಣಾಮ ಬೀರುವ ಅಧಿಕಾರವನ್ನು ಮರೆಯಲ್ಲಿ ನಿಂತು ಚಲಾಯಿಸುವುದು ಸರಿಯಾ? ನಾಲ್ಕು ಜನರ ಎದುರು ಹೇಳಲು ನಾಚುವಂಥ ಸ್ವಾರ್ಥಕ್ಕೆ ಆ ಮರೆ ದಾರಿ ಮಾಡಿಕೊಡುವುದಿಲ್ಲವಾ?

ಇದು ತಳ್ಳಿಹಾಕುವ ವಾದವಲ್ಲ. ಇವತ್ತು ಬ್ಲಾಕ್‌ಚೈನಿನ ಪಾರದರ್ಶಕತೆಯ ಬಗ್ಗೆ ಮಾತಾಡುವವರು ಹೇಳೋದೂ ಇದನ್ನೇ. ಆದರೆ ಮಿಲ್‌ನ ಮಾತಿನಲ್ಲಿ ಒಂದು ಊಹೆ ಅಡಗಿದೆ. ನೋಡುವವರು ಮತ್ತು ನೋಡಿಸಿಕೊಳ್ಳುವವರು ಸರಿಸಮಾನರು ಅನ್ನೋದು ಆ ಊಹೆ. ಕಾರ್ಡಿಗನ್‌ಶೈರ್‌ನಲ್ಲಿ ನೋಡುತ್ತಿದ್ದವನು ಜಮೀನಿನ ಒಡೆಯ, ನೋಡಿಸಿಕೊಳ್ಳುತ್ತಿದ್ದವನು ಗೇಣಿದಾರ. ಸಮಾಜದ ಕಣ್ಣು ಅಂತ ಮಿಲ್ ಕರೆದದ್ದು ಅಲ್ಲಿ ಧಣಿಯ ಕಣ್ಣಾಗಿತ್ತು. 1869ರಲ್ಲಿ ವೇಲ್ಸ್‌ನ ಸಂಸದ ಹೆನ್ರಿ ರಿಚರ್ಡ್ ಈ ಒಕ್ಕಲೆಬ್ಬಿಸುವಿಕೆಯನ್ನು ಸಂಸತ್ತಿನ ಮುಂದಿಟ್ಟಾಗ, ತತ್ತ್ವಶಾಸ್ತ್ರದ ವಾದಕ್ಕಿಂತ ಆ ರೈತರ ಪಾಡು ಹೆಚ್ಚು ತೂಗಿತು.

ಅಷ್ಟರಲ್ಲಿ ಪರಿಹಾರ ಭೂಮಿಯ ಇನ್ನೊಂದು ತುದಿಯಲ್ಲಿ ಸಿದ್ಧವಾಗಿತ್ತು. 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು ಹೊಸ ಪದ್ಧತಿ ತಂದವು. ಸರ್ಕಾರವೇ ಎಲ್ಲ ಅಭ್ಯರ್ಥಿಗಳ ಹೆಸರಿರುವ ಒಂದೇ ಥರದ ಮತಪತ್ರ ಅಚ್ಚು ಹಾಕಿಸುತ್ತೆ. ಮತಗಟ್ಟೆಯಲ್ಲೇ ಅದನ್ನು ಕೊಡುತ್ತಾರೆ. ಒಬ್ಬೊಬ್ಬರೇ ಮರೆಗೆ ಹೋಗಿ ಗುರುತು ಮಾಡಿ, ಮಡಚಿ, ಪೆಟ್ಟಿಗೆಗೆ ಹಾಕಬೇಕು. ಇಂದು ನಮಗೆ ಇದು ಎಷ್ಟು ಸಹಜ ಅಂದ್ರೆ, ಇದನ್ನೂ ಯಾರೋ ಒಬ್ಬರು ಕಂಡುಹಿಡಿಯಬೇಕಾಯ್ತು ಅನ್ನೋದೇ ಹೊಳೆಯಲ್ಲ. ಬ್ರಿಟನ್ 1872ರಲ್ಲಿ ಇದನ್ನು ಒಪ್ಪಿಕೊಂಡಿತು. ಅದೇ ವರ್ಷ ಆಗಸ್ಟ್ 15ರಂದು ಯಾರ್ಕ್‌ಶೈರ್‌ನ ಪಾಂಟಿಫ್ರ್ಯಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಮೊದಲ ಪ್ರಯೋಗ. ಆ ಊರು ಅತಿಮಧುರದ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಅರಗಿನ ಮೊಹರು ಒತ್ತಿದ್ದು ಮಿಠಾಯಿಯ ಮೇಲೆ ಒತ್ತುವ ಅದೇ ಅಚ್ಚಿನಿಂದ!

ಆದರೆ ಲಂಚ ಮರುದಿನವೇ ನಿಲ್ಲಲಿಲ್ಲ. 1880ರ ಚುನಾವಣೆಯಲ್ಲಿ ದುಡ್ಡು ಧಾರಾಳವಾಗಿಯೇ ಹರಿಯಿತು. ವೆಚ್ಚಕ್ಕೆ ಮಿತಿ ಹಾಕುವ ಕಾನೂನು 1883ರಲ್ಲಿ ಬರಬೇಕಾಯಿತು. ಗುಪ್ತ ಮತದಾನವನ್ನು ಮುರಿಯುವ ಉಪಾಯಗಳೂ ಹುಟ್ಟಿಕೊಂಡವು. ಒಂದಕ್ಕೆ ಟಾಸ್ಮೇನಿಯಾದ ತಂತ್ರ ಅಂತಲೇ ಹೆಸರು. ಮೊದಲ ಮತದಾರ ಖಾಲಿ ಮತಪತ್ರವನ್ನು ಜೇಬಲ್ಲಿಟ್ಟು ಹೊರಗೆ ತರುತ್ತಾನೆ. ದಲ್ಲಾಳಿ ಅದರ ಮೇಲೆ ತನಗೆ ಬೇಕಾದ ಗುರುತು ಮಾಡಿ ಎರಡನೆಯವನ ಕೈಗೆ ಕೊಡುತ್ತಾನೆ. ಎರಡನೆಯವನು ಒಳಗೆ ಹೋಗಿ ಗುರುತಾದದ್ದನ್ನು ಪೆಟ್ಟಿಗೆಗೆ ಹಾಕಿ, ತನಗೆ ಸಿಕ್ಕ ಖಾಲಿಯದನ್ನು ಹೊರಗೆ ತಂದು ಕೊಟ್ಟರೆ ಅವನಿಗೆ ದುಡ್ಡು. ಹೀಗೇ ಸರಪಳಿ. ಗಮನಿಸಿ, ದಲ್ಲಾಳಿ ಇಷ್ಟೆಲ್ಲ ಕಷ್ಟಪಡುತ್ತಿರುವುದು ಒಂದೇ ಒಂದು ವಸ್ತುವಿಗೆ: ರಸೀದಿಗೆ. ಆ ಖಾಲಿ ಮತಪತ್ರವೇ ಅವನ ರಸೀದಿ.

ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲಿದೆ. ಗುಪ್ತ ಮತದಾನ ಅಂದ್ರೆ ನಾನು ನನ್ನ ವೋಟನ್ನು ಬಚ್ಚಿಡಬಹುದು ಅಂತಲ್ಲ. ನಾನು ಬಯಸಿದರೂ ಅದನ್ನು ಸಾಬೀತು ಮಾಡಲಾಗದು ಅಂತ. ಇವೆರಡರ ನಡುವೆ ಬೆಟ್ಟದಷ್ಟು ವ್ಯತ್ಯಾಸ ಇದೆ. ತೋರಿಸೋದು ಬಿಡೋದು ನಿಮ್ಮಿಷ್ಟ ಅಂತ ನಿಯಮ ಮಾಡಿ ನೋಡಿ, ಧಣಿ ಬಂದು ಹಾಗಾದ್ರೆ ತೋರಿಸು ಅಂತಾನೆ. ತೋರಿಸದವನ ಮೇಲೆ ಅನುಮಾನ ತಾನೇ ತಾನಾಗಿ ಬೀಳುತ್ತೆ. ತೋರಿಸೋಕೆ ಏನೂ ಇಲ್ಲದಿದ್ದಾಗ ಮಾತ್ರ ಬಡವನಿಗೆ ಸುಳ್ಳು ಹೇಳುವ ಸ್ವಾತಂತ್ರ್ಯ ಸಿಗುತ್ತೆ. ಆಯ್ತು ಧಣಿ, ನಿಮಗೇ ಹಾಕಿದೆ ಅಂತ ಹೇಳಿ ತನಗೆ ಬೇಕಾದವರಿಗೆ ಹಾಕಿ ಬರಬಹುದು. ಪ್ರಜಾಪ್ರಭುತ್ವದ ಅಡಿಗಲ್ಲಿನ ಕೆಳಗೆ ಇಂಥ ಒಂದು ಸಭ್ಯ ಸುಳ್ಳಿಗೆ ಜಾಗ ಮಾಡಿಕೊಟ್ಟಿದ್ದೇವೆ.

ನಮ್ಮಲ್ಲಿ ಇದು ಹೇಗೆ ಬಂತು ನೋಡಿ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರು, ಬಹುಪಾಲು ಜನರಿಗೆ ಓದುಬರಹ ಬಾರದು. ಓದಲು ಬಾರದವನು ಇನ್ನೊಬ್ಬರನ್ನು ಕೇಳಿ ವೋಟು ಹಾಕಿದರೆ ಗುಟ್ಟು ಎಲ್ಲಿ ಉಳಿಯುತ್ತೆ? ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಆಯೋಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ಚಿಹ್ನೆ ಅಂಟಿಸಿತು. ಮರೆಯೊಳಗೆ ಹೋಗಿ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಚೀಟಿ ಹಾಕಿದರಾಯ್ತು. ಜಾಣ ಉಪಾಯ. ಆದರೆ ಅದರಲ್ಲೂ ಒಂದು ತೂತಿತ್ತು. ಚೀಟಿಯ ಮೇಲೆ ಯಾವ ಗುರುತೂ ಮಾಡಬೇಕಿಲ್ಲದ್ದರಿಂದ, ಹಾಕದೆ ಹೊರಗೆ ತಂದರೆ ಅದು ಮಾರಬಹುದಾದ ಸರಕು. 1960ರ ದಶಕದಲ್ಲಿ ಒಂದೇ ಮತಪತ್ರ, ಒಂದೇ ಪೆಟ್ಟಿಗೆ, ಮುದ್ರೆ ಒತ್ತುವ ಪದ್ಧತಿಗೆ ನಾವು ಹೊರಳಿದೆವು.

ಮೈಸೂರಿಗೂ ಈ ಕಥೆಯಲ್ಲಿ ಪಾತ್ರ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುತ್ತಿರುವುದು ಅಲ್ಲಿಂದಲೇ. ಆ ಶಾಯಿಯ ಅಂದ ಎಲ್ಲಿದೆ ಅಂದ್ರೆ, ನೀವು ವೋಟು ಹಾಕಿದ್ದೀರಿ ಅನ್ನೋದಕ್ಕೆ ಅದು ಬಹಿರಂಗ ಸಾಕ್ಷಿ, ಯಾರಿಗೆ ಹಾಕಿದಿರಿ ಅನ್ನೋದರ ಬಗ್ಗೆ ತುಟಿ ಪಿಟಕ್ ಅನ್ನಲ್ಲ. ಎರಡು ಪ್ರಶ್ನೆಗಳನ್ನು ಇಷ್ಟು ಅಗ್ಗವಾಗಿ, ಇಷ್ಟು ಅಚ್ಚುಕಟ್ಟಾಗಿ ಬೇರ್ಪಡಿಸಿದ ತಂತ್ರಜ್ಞಾನ ಇನ್ನೊಂದನ್ನು ನಾನು ಕಂಡಿಲ್ಲ.

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡುವ ಯಂತ್ರಗಳ ವಿಷಯಕ್ಕೆ ಬಂದರೂ ಇದೇ ಎಚ್ಚರ ಕಾಣುತ್ತೆ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಒಂದು ಚೀಟಿ ಕಾಣಿಸುತ್ತೆ. 7 ಸೆಕೆಂಡು. ಆಮೇಲೆ ಅದು ಕತ್ತರಿಸಿಕೊಂಡು ಒಳಗಿನ ಪೆಟ್ಟಿಗೆಗೆ ಬೀಳುತ್ತೆ. ಎಟಿಎಮ್ ರಸೀದಿ ಕೊಡುವಾಗ ಇದು ಯಾಕೆ ಕೊಡಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಕೈಗೆ ಕೊಟ್ಟರೆ ಸಂಜೆಯೊಳಗೆ ಬೀದಿ ಬೀದಿಯಲ್ಲಿ ಅದರ ರೇಟು ನಿಗದಿಯಾಗುತ್ತೆ, ಅದಕ್ಕೇ. ನೋಡಿ ಖಾತ್ರಿ ಮಾಡಿಕೊಳ್ಳುವಷ್ಟು ಹೊತ್ತು ಸಾಕ್ಷಿ ಇರಬೇಕು, ಹೊರಗೆ ಒಯ್ಯುವಷ್ಟು ಹೊತ್ತು ಇರಬಾರದು.

ನಮ್ಮಲ್ಲಿ ಚುನಾವಣೆಗೆ ದುಡ್ಡು ಹಂಚಲ್ವಾ ಅಂತ ನೀವು ಕೇಳಬಹುದು. ಹಂಚುತ್ತಾರೆ. ಆದರೆ ಹಂಚುವವನ ಫಜೀತಿಯನ್ನೂ ಸ್ವಲ್ಪ ನೋಡಿ. ದುಡ್ಡು ತೆಗೆದುಕೊಂಡವರು ತನಗೇ ಹಾಕುತ್ತಾರೆ ಅನ್ನೋದಕ್ಕೆ ಅವನ ಬಳಿ ಏನು ಗ್ಯಾರಂಟಿ? ಅದಕ್ಕೇ ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇರೋದು. ರಸೀದಿ ಸಿಗದ ಕಡೆ ದೇವರನ್ನೇ ಸಾಕ್ಷಿಗೆ ಕರೀಬೇಕಾಗುತ್ತೆ. ಆಣೆಗೆ ಹೆದರುವವರು ಇದ್ದಾರೆ, ನಿಜ. ಆದರೆ ಎಲ್ಲ ಪಕ್ಷದವರ ದುಡ್ಡೂ ಪಡೆದು ತಮಗೆ ಸರಿ ಕಂಡವರಿಗೆ ಹಾಕಿ ಬರುವವರೂ ಇದ್ದಾರೆ. ಅಂಥವರಿಗೆ ಧೈರ್ಯ ಕೊಟ್ಟದ್ದು 1856ರ ಆ ಮರೆ.

ಈಗ ಡಾವೋಗಳ ಲೋಕಕ್ಕೆ ಹೋಗೋಣ. 2016ರಲ್ಲಿ ಈಥರಿಯಮ್ ಮೇಲೆ ಬಂದ ಮೊದಲ ದೊಡ್ಡ ಪ್ರಯೋಗದ ಹೆಸರೇ ದಿ ಡಾವೋ. ಸುಮಾರು 15 ಕೋಟಿ ಡಾಲರ್ ಮೌಲ್ಯದ ಈಥರ್ ಕೂಡಿಬಂತು. ಟೋಕನ್ ಕೊಂಡವರೆಲ್ಲ ವೋಟು ಹಾಕಿ ಯಾವ ಯೋಜನೆಗೆ ಹಣ ಕೊಡಬೇಕು ಅಂತ ತೀರ್ಮಾನಿಸೋದು ಉದ್ದೇಶ. ಜೂನ್ 17ರಂದು ಕೋಡಿನ ಒಂದು ದೋಷ ಹಿಡಿದು ಯಾರೋ 36 ಲಕ್ಷ ಈಥರ್ ಎಳೆದುಕೊಂಡರು, ಪ್ರಯೋಗ ಅಲ್ಲಿಗೇ ಮುಗೀತು. ಆದರೆ ಮಾದರಿ ಉಳಿಯಿತು. ಇಂದು ಕೋಟಿಗಟ್ಟಲೆ ಡಾಲರ್ ಖಜಾನೆ ಇರುವ ಸಂಸ್ಥೆಗಳು ಹೀಗೇ ನಡೆಯುತ್ತವೆ. ಮ್ಯಾನೇಜರ್ ಇಲ್ಲ, ಹೆಡ್ಡಾಫೀಸ್ ಇಲ್ಲ. ಇರುವುದು ಟೋಕನ್ನು ಮತ್ತು ವೋಟು. ಪ್ರತಿ ವೋಟಿನ ಮುಂದೆ ಯಾವ ವಾಲೆಟ್, ಎಷ್ಟು ಟೋಕನ್, ಪರವೋ ವಿರುದ್ಧವೋ ಎಲ್ಲ ಸ್ಪಷ್ಟ.

ವಾಲೆಟ್ ವಿಳಾಸ ಬರೀ ಅಂಕಿ ಅಕ್ಷರಗಳ ಸಾಲು ತಾನೇ, ಹೆಸರಿಲ್ಲವಲ್ಲ ಅನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ಯೂರಿಟಿ ಏಜೆನ್ಸಿ ಬದಲಿಸಬೇಕಾ ಅಂತ ಪೋಲ್ ಹಾಕಿದಾಗ ಯಾರು ಯಾವುದನ್ನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ. ಅರ್ಧ ಜನ ಅಧ್ಯಕ್ಷರು ಒತ್ತುವವರೆಗೆ ಕಾಯುತ್ತಾರೆ. ಡಾವೋದಲ್ಲೂ ಅಷ್ಟೇ. ಒಂದು ಸಲ ಸಂಬಳ ಆ ವಾಲೆಟ್ಟಿಗೆ ಬಂದರೆ, ಒಂದು ಸಲ ಆ ವಿಳಾಸವನ್ನು ಗೆಳೆಯರಿಗೆ ಕೊಟ್ಟರೆ, ಮುಖವಾಡ ಕಳಚಿದ ಹಾಗೆ. ಆಮೇಲೆ ಹಿಂದಿನ ವೋಟುಗಳೂ ಸೇರಿ ಎಲ್ಲ ಬಯಲು. ಅಲ್ಲಿ ಕೆಲಸ ಮಾಡುವ ಎಂಜಿನಿಯರ್ ಒಬ್ಬಳು ಸಂಸ್ಥಾಪಕರ ಪ್ರಸ್ತಾಪಕ್ಕೆ ವಿರುದ್ಧ ವೋಟು ಹಾಕಬೇಕಾದರೆ, ಮುಂದಿನ ಕಾಂಟ್ರ್ಯಾಕ್ಟ್ ಮಂಜೂರು ಮಾಡುವವರೂ ಅವರೇ ಅನ್ನೋದು ಅವಳಿಗೆ ಗೊತ್ತಿರುತ್ತೆ. ಕಾರ್ಡಿಗನ್‌ಶೈರ್‌ನ ಗೇಣಿದಾರನಿಗೂ ಇವಳಿಗೂ ಇರುವ ವ್ಯತ್ಯಾಸ ಲ್ಯಾಪ್‌ಟಾಪ್ ಒಂದೇ.

ಇನ್ನು ಲಂಚದ ವಿಷಯ. ಕರ್ವ್ ಎಂಬ ಹಣಕಾಸು ವೇದಿಕೆಯಲ್ಲಿ ಹೊಸ ಟೋಕನ್ ಬಹುಮಾನ ಯಾವ ಕೊಳಕ್ಕೆ ಎಷ್ಟು ಹರಿಯಬೇಕು ಅಂತ ವೋಟಿನಿಂದ ತೀರ್ಮಾನವಾಗುತ್ತೆ. 2021ರಿಂದ ಆ ವೋಟು ಕೊಳ್ಳಲು ಬಹಿರಂಗ ಮಾರುಕಟ್ಟೆಗಳೇ ಇವೆ, ವೋಟಿಯಮ್ ಅಂಥದ್ದೊಂದು. ಅಲ್ಲಿ ಕೊಡುವ ದುಡ್ಡನ್ನು ನಾಚಿಕೆಯಿಲ್ಲದೆ ಲಂಚ ಅಂತಲೇ ಕರೀತಿದ್ದರು. ದೇವರ ಮೇಲೆ ಆಣೆ ಬೇಕಿಲ್ಲ. ನೀವು ವೋಟು ಹಾಕಿದ್ದಕ್ಕೆ ಲೆಡ್ಜರೇ ಸಾಕ್ಷಿ, ಹಣ ನೇರ ಖಾತೆಗೆ. ಇದು ಬಹುಮಾನ ಹಂಚಿಕೆಯ ಆಟ, ಇದರಲ್ಲಿ ತಪ್ಪೇನು ಅಂತ ಅವರ ವಾದ. ಇರಬಹುದು. ಆದರೆ ಅದೇ ಯಂತ್ರ ಖಜಾನೆ ಯಾರ ಕೈಗೆ ಅನ್ನುವ ವೋಟಿಗೂ ಕೆಲಸ ಮಾಡುತ್ತೆ. 2018ರಲ್ಲೇ ಫಿಲಿಪ್ ಡಯಾನ್, ಟೈಲರ್ ಕೆಲ್, ಇಯಾನ್ ಮೈಯರ್ಸ್ ಮತ್ತು ಆರಿ ಜೂಲ್ಸ್ ಎಂಬ ಸಂಶೋಧಕರು ಇದನ್ನು ಎಚ್ಚರಿಸಿ, ಎಷ್ಟು ವೋಟು ಮಾರಾಟವಾಯ್ತು ಅನ್ನೋದೂ ಹೊರಗೆ ತಿಳಿಯದ ಹಾಗೆ ಕೊಳ್ಳುವ ಕೂಟಗಳು ಸಾಧ್ಯ ಅಂತ ತೋರಿಸಿದರು. ಅವಕ್ಕೆ ಅವರಿಟ್ಟ ಹೆಸರು ಡಾರ್ಕ್ ಡಾವೋ.

ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡೋಣ್ವಾ? ಅಲ್ಲೇ ಮಿಲ್ ಮತ್ತೆ ಎದ್ದು ಬರುತ್ತಾನೆ. 2020ರ ಮಾರ್ಚಿನಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್‌ನಲ್ಲಿ ನಡೆದದ್ದು ನೋಡಿ. ಉದ್ಯಮಿ ಜಸ್ಟಿನ್ ಸನ್ ಅದರ ಹಿಂದಿದ್ದ ಕಂಪನಿಯನ್ನು ಕೊಂಡರು. ಸಮುದಾಯ ಆ ಕಂಪನಿಯ ಟೋಕನ್‌ಗಳಿಗೆ ತಡೆ ಹಾಕಿತು. ಆಗ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳು ತಮ್ಮಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್ ಬಳಸಿ ಸನ್ ಪರ ವೋಟು ಹಾಕಿದವು. ನಿಮ್ಮ ಠೇವಣಿ ಬ್ಯಾಂಕಿನಲ್ಲಿದೆ ಅಂತ ಬ್ಯಾಂಕಿನವರು ನಿಮ್ಮ ಓಣಿಯ ಚುನಾವಣೆಯಲ್ಲಿ ವೋಟು ಹಾಕಿದ ಹಾಗೆ. ಅದು ಕೂಡಲೇ ಸಿಕ್ಕಿಬಿದ್ದದ್ದು ಹೇಗೆ? ಎಲ್ಲ ಬಹಿರಂಗವಾಗಿದ್ದರಿಂದ. ಮಾರ್ಚ್ 20ರಂದು ಸಮುದಾಯದ ದೊಡ್ಡ ಗುಂಪು ಹೈವ್ ಅಂತ ಬೇರೆ ಸರಪಳಿ ಮಾಡಿಕೊಂಡು ಹೊರಟುಹೋಯಿತು. ವೋಟು ಗುಟ್ಟಾಗಿದ್ದಿದ್ದರೆ ಈ ಕಳ್ಳತನ ಹಿಡಿಯುವುದು ಬಹಳ ಕಷ್ಟವಾಗುತ್ತಿತ್ತು.

ಅಂದರೆ ಬೇಕಾಗಿರುವುದು ಕತ್ತಲಲ್ಲ. ಮೈಸೂರಿನ ಶಾಯಿಯ ಥರದ್ದು ಬೇಕು. ಯಾರಿಗೆ ಹಕ್ಕಿದೆ, ಒಬ್ಬರು ಒಂದೇ ಸಲ ಹಾಕಿದರಾ, ಎಣಿಕೆ ಸರಿಯಾ, ಇದಿಷ್ಟೂ ಬೆಳಕಿನಲ್ಲಿರಲಿ. ಯಾವ ಕಡೆ ಹಾಕಿದರು ಅನ್ನೋದು ಮಾತ್ರ ಮರೆಯಲ್ಲಿರಲಿ. ಗಣಿತಜ್ಞರು ಇದರ ಮೇಲೆ ಬಹಳ ಹಿಂದೆಯೇ ಕೆಲಸ ಶುರುಮಾಡಿದ್ದಾರೆ. ಡೇವಿಡ್ ಚೌಮ್ 1981ರಲ್ಲೇ ಗುರುತು ಬಿಟ್ಟುಕೊಡದ ಇ-ಮೇಲ್ ಬಗ್ಗೆ ಬರೆಯುತ್ತಾ ಚುನಾವಣೆಯ ಮಾತೆತ್ತಿದ್ದರು. 1994ರಲ್ಲಿ ಜಾಶ್ ಬೆನಲೋ ಮತ್ತು ಡ್ವೈಟ್ ಟುಯಿನ್‌ಸ್ಟ್ರಾ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ರಸೀದಿ ಇಲ್ಲದ ಚುನಾವಣೆ ಅನ್ನುವ ಕಲ್ಪನೆಯನ್ನಿಟ್ಟರು. ಹಕ್ಕಿರುವವರ ಪಟ್ಟಿಯಲ್ಲಿ ನಾನೂ ಒಬ್ಬ ಅಂತ ಯಾರೆಂದು ಹೇಳದೆ ತೋರಿಸಿ, ಎರಡನೇ ಸಲ ಬಂದರೆ ಸಿಕ್ಕಿಬೀಳುವಂತೆ ಒಂದು ಗುರುತು ಬಿಡುವ ಸೆಮಫೋರ್ ಥರದ ವ್ಯವಸ್ಥೆಗಳು ಈಥರಿಯಮ್ ಮೇಲೆ ಇವೆ. ಆ ಗುರುತೇ ಗಣಿತದಲ್ಲಿ ಮಾಡಿದ ಮೈಸೂರು ಶಾಯಿ.

ಆನ್‌ಲೈನಿನಲ್ಲಿ ಅಸಲಿ ತೊಂದರೆ ಇನ್ನೊಂದು. ಅಲ್ಲಿ ಮರೆಯೇ ಇಲ್ಲ. ಮತಗಟ್ಟೆಯಲ್ಲಿ ಗಂಡ, ಧಣಿ, ದಲ್ಲಾಳಿ ಯಾರೂ ಒಳಗೆ ಬರುವ ಹಾಗಿಲ್ಲ, ಮೊಬೈಲೂ ಹೊರಗೆ. ಮನೆಯ ಸೋಫಾದ ಮೇಲೆ ವೋಟು ಹಾಕುವಾಗ ಹೆಗಲ ಮೇಲಿಂದ ಯಾರು ನೋಡುತ್ತಿದ್ದಾರೋ ಯಾರಿಗೆ ಗೊತ್ತು? 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿರುವ ಎಸ್ಟೋನಿಯಾ ಇದಕ್ಕೆ ಸರಳ ಉತ್ತರ ಕೊಟ್ಟಿದೆ. ಎಷ್ಟು ಸಲ ಬೇಕಾದರೂ ಹಾಕಿ, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದ ವೋಟು ಹಾಕಿದರೆ ಆನ್‌ಲೈನ್ ವೋಟು ರದ್ದು. ಬೆದರಿಸಿದವನ ಮುಂದೆ ಅವನಿಗೆ ಬೇಕಾದ್ದನ್ನು ಒತ್ತಿ, ಅವನು ಹೋದ ಮೇಲೆ ಬದಲಿಸಬಹುದು. ಮತ್ತೆ ಅದೇ ಸಭ್ಯ ಸುಳ್ಳು.

ವಿಟಾಲಿಕ್ ಬುಟೆರಿನ್ 2019ರಲ್ಲಿ ಸೂಚಿಸಿದ ಮ್ಯಾಸಿ ಎಂಬ ವಿನ್ಯಾಸ ಇದನ್ನೇ ಡಾವೋಗಳಿಗೆ ತಂದಿತು. ವೋಟುಗಳು ಬೀಗ ಹಾಕಿದ ರೂಪದಲ್ಲಿ ಸರಪಳಿಗೆ ಹೋಗುತ್ತವೆ. ಮತದಾರ ತನ್ನ ಕೀಲಿಯನ್ನೇ ಗುಟ್ಟಾಗಿ ಬದಲಿಸಬಹುದು, ಹಳೆಯ ಕೀಲಿಯಲ್ಲಿ ಹಾಕಿದ ವೋಟು ಆಮೇಲೆ ಅಮಾನ್ಯ. ಹಾಗಾಗಿ ನೀವು ಲಂಚ ಕೊಟ್ಟವನಿಗೆ ವೋಟು ತೋರಿಸಿದರೂ ಅದು ಅಸಲಿಯೋ ಸತ್ತದ್ದೋ ಅವನಿಗೆ ತಿಳಿಯದು. ಕೊನೆಗೆ ಒಬ್ಬ ಸಂಯೋಜಕ ಎಲ್ಲವನ್ನೂ ಬಿಚ್ಚಿ ಎಣಿಸಿ, ಎಣಿಕೆ ಸರಿ ಅನ್ನೋದಕ್ಕೆ ಒಂದೊಂದು ವೋಟನ್ನೂ ತೋರಿಸದೆಯೇ ಗಣಿತದ ಪುರಾವೆ ಕೊಡುತ್ತಾನೆ. ಅವನು ಎಣಿಕೆಯಲ್ಲಿ ಮೋಸ ಮಾಡಲಾರ. ಆದರೆ ಅವನೊಬ್ಬ ಮಾತ್ರ ಎಲ್ಲರ ವೋಟು ನೋಡಬಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಬೌದ್ಧ ವಿನಯ ಪಿಟಕ. ಸಂಘದಲ್ಲಿ ಭಿನ್ನಮತ ಬಂದರೆ ಬಣ್ಣಬಣ್ಣದ ಕಡ್ಡಿಗಳಿಂದ ಮತ ಎಣಿಸುವ ಕ್ರಮ ಅದರ ಚುಳ್ಳವಗ್ಗದಲ್ಲಿದೆ. ಗುಟ್ಟಾಗಿ, ಕಿವಿಯಲ್ಲಿ ಪಿಸುಗುಟ್ಟಿ, ಬಹಿರಂಗವಾಗಿ ಹೀಗೆ ಮೂರು ವಿಧ. ಗುಟ್ಟಿನ ವಿಧಾನದಲ್ಲಿ ಕಡ್ಡಿ ಹಂಚುವ ಭಿಕ್ಷು, ನಿನಗೆ ಬೇಕಾದ್ದು ತೆಗೆದುಕೋ, ಯಾರಿಗೂ ತೋರಿಸಬೇಡ ಅಂತ ಹೇಳಬೇಕು. ತೋರಿಸಬೇಡ ಅನ್ನೋದೂ ನಿಯಮ! ಆದರೆ ಧರ್ಮಕ್ಕೆ ವಿರುದ್ಧವಾದ ಪಕ್ಷಕ್ಕೆ ಹೆಚ್ಚು ಕಡ್ಡಿ ಬಂತು ಅಂತ ಕಂಡರೆ, ಕಡ್ಡಿ ಸರಿಯಾಗಿ ತೆಗೆದುಕೊಂಡಿಲ್ಲ ಅಂತ ಅವನು ಅದನ್ನು ತಳ್ಳಿಹಾಕಬಹುದಿತ್ತು. ಕಡ್ಡಿ ಹಂಚುವವನು ಯಾರು ಅನ್ನುವ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೇ ಉಳಿದಿದೆ.

ಇನ್ನೊಂದು ಕಗ್ಗಂಟೂ ಇದೆ. ಒಬ್ಬರಿಗೆ ಒಂದು ವೋಟಾದರೆ ಗುಂಪಿನಲ್ಲಿ ಗುಟ್ಟು ಕರಗುತ್ತೆ. ಡಾವೋದಲ್ಲಿ ಟೋಕನ್ ಎಷ್ಟೋ ವೋಟು ಅಷ್ಟು. ಒಟ್ಟು ಮೊತ್ತದಲ್ಲಿ ಏಕ್‌ದಂ 40 ಲಕ್ಷ ಟೋಕನ್ ಒಂದು ಕಡೆ ವಾಲಿದರೆ, ಹೆಸರು ಮುಚ್ಚಿಟ್ಟರೂ ಆ ತೂಕದ ಆಸಾಮಿ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ನಮ್ಮಲ್ಲೂ ಇದರ ಸಣ್ಣ ರೂಪ ಇದೆ. ಮತಯಂತ್ರ ಬಂದ ಮೇಲೆ ಮತಗಟ್ಟೆವಾರು ಲೆಕ್ಕ ಸಿಗುತ್ತೆ, ಯಾವ ಹಟ್ಟಿ ಯಾರ ಕಡೆ ಅಂತ ಪಕ್ಷದವರಿಗೆ ತಿಳಿಯುತ್ತೆ. ಹಲವು ಯಂತ್ರಗಳ ಮತ ಬೆರೆಸಿ ಎಣಿಸುವ ಟೋಟಲೈಸರ್ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಅದು ಇನ್ನೂ ಬಂದಿಲ್ಲ.

ಮಿಲ್‌ಗೂ ಗೇಣಿದಾರನಿಗೂ ನ್ಯಾಯ ಸಿಗುವ ಗೆರೆ ಎಲ್ಲಿದೆ? ನಮ್ಮ ವ್ಯವಸ್ಥೆಯಲ್ಲೇ ಒಂದು ಸುಳಿವಿದೆ. ಸಾಮಾನ್ಯ ಮತದಾರನ ವೋಟು ಗುಟ್ಟು. ಆದರೆ 2003ರ ತಿದ್ದುಪಡಿಯ ನಂತರ ರಾಜ್ಯಸಭೆಗೆ ವೋಟು ಹಾಕುವ ಪಕ್ಷದ ಶಾಸಕ ಅದನ್ನು ತನ್ನ ಪಕ್ಷದ ಏಜೆಂಟರಿಗೆ ತೋರಿಸಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪಕ್ಷಕ್ಕೆ ಯಾಕೆ ತೋರಿಸಬೇಕು ಅನ್ನೋದು ಬೇರೆ ಜಗಳ. ಆದರೆ ಇನ್ನೊಬ್ಬರ ಪರವಾಗಿ ವೋಟು ಹಾಕುವವನು ಲೆಕ್ಕ ಒಪ್ಪಿಸಬೇಕು, ತನಗಾಗಿ ಹಾಕುವವನು ಯಾರಿಗೂ ಒಪ್ಪಿಸಬೇಕಿಲ್ಲ ಅನ್ನುವ ತತ್ತ್ವ ನನಗೆ ಸರಿ ಕಾಣುತ್ತೆ. ಡಾವೋಗಳಲ್ಲೂ ಸಾವಿರಾರು ಜನರ ವೋಟನ್ನು ತಾವೊಬ್ಬರೇ ಹಾಕುವ ಪ್ರತಿನಿಧಿಗಳಿದ್ದಾರೆ, ಗ್ರಾಹಕರ ಟೋಕನ್ ಹಿಡಿದು ಕೂತ ವಿನಿಮಯ ಕೇಂದ್ರಗಳಿವೆ. ಅವರ ವೋಟು ಗಾಜಿನ ಪೆಟ್ಟಿಗೆಯಲ್ಲಿರಲಿ. ಬಿಡಿ ಸದಸ್ಯನ ವೋಟು ಮರೆಯಲ್ಲಿರಲಿ. ಈಗ ಬಹುಪಾಲು ಕಡೆ ಇಬ್ಬರದ್ದೂ ಒಂದೇ ಗಾಜಿನ ಪೆಟ್ಟಿಗೆ.

ಆ ಪೆಟ್ಟಿಗೆಯನ್ನು ಕಟ್ಟುತ್ತಿರುವವರಲ್ಲಿ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಇದ್ದಾರೆ. ಅದಕ್ಕೇ ಈ ಮಾತು ಇಲ್ಲಿ. ಪೋಲ್ ಬುಕ್ ಕಾಗದದ್ದಾಗಿತ್ತು. ಕಾನೂನು ಬದಲಾದ ಮೇಲೆ ಅದು ಕಪಾಟು ಸೇರಿತು, ಅದರೊಳಗಿನ ಹೆಸರುಗಳಿಗೆ ಈಗ ಯಾರ ಭಯವೂ ಇಲ್ಲ. ಬ್ಲಾಕ್‌ಚೈನ್‌ನಲ್ಲಿ ಇವತ್ತು ಬರೆದದ್ದು ನಾಳೆ ನಿಯಮ ಬದಲಾದರೂ ಅಳಿಯಲ್ಲ. ಹತ್ತು ವರ್ಷದ ನಂತರ ನಿಮಗೆ ಕೆಲಸ ಕೊಡುವವರು, ಸಾಲ ಕೊಡುವವರು, ವೀಸಾ ಕೊಡುವವರು ಅದನ್ನು ತೆರೆದು ನೋಡಬಹುದು. ಹಾಗಾಗಿ ಮರೆಯನ್ನು ಆಮೇಲೆ ಕಟ್ಟಿಕೊಳ್ಳೋಣ ಅನ್ನುವ ಸೌಲಭ್ಯ ಬ್ರಿಟನ್ನಿಗೆ ಇತ್ತು, ಇವರಿಗಿಲ್ಲ. ಮೊದಲ ವೋಟಿಗೆ ಮುಂಚೆಯೇ ಕಟ್ಟಬೇಕು.